ಚಳಿಗಾಲದ ಮುಂಜಾವಿನಲ್ಲಿ ಫೋರ್ ವೀಲ್ ಬೀಳದಿದ್ದರೆ: ಬಿಸಿಲೇರುವ ಮೊದಲೇ ದೋಷ ಹುಡುಕುವ ಮಾರ್ಗದರ್ಶಿ

ಧನುರ್ಮಾಸದ ಬೆಳಗಿನ ಜಾವ. ನಂದಿ ಬೆಟ್ಟ ಮಂಜಿನಲ್ಲಿ ಮುಳುಗಿ ಯಾವ ದಿಕ್ಕಿನಲ್ಲಿದೆ ಎಂಬುದೇ ತಿಳಿಯದು. ಸೇವಂತಿಗೆ ಮೂಟೆಗಳನ್ನು ಗಾಡಿಗೆ ಏರಿಸಿ, ಬೆಳಕು ಹರಿಯುವ ಮುನ್ನ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ ಮುಟ್ಟಬೇಕು. ನಮ್ಮ ತೋಟದಿಂದ ಟಾರು ರಸ್ತೆಗೆ ಬರಲು ಕೆರೆ ಏರಿಯ ಪಕ್ಕದ ಮಣ್ಣಿನ ದಿಬ್ಬ ಹತ್ತಬೇಕು. ಇಬ್ಬನಿ ಕುಡಿದ ಜೇಡಿಮಣ್ಣು ಆ ಹೊತ್ತಿಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಲಿವರ್ ಎಳೆದರೆ ಫೋರ್ ವೀಲ್ ಬೀಳುವುದಿಲ್ಲ, ಅಂದರೆ ಹಿಂದಿನ ಚಕ್ರಗಳ ಜೊತೆಗೆ ಮುಂದಿನವಕ್ಕೂ ಎಂಜಿನ್ನಿನ ಬಲ ಸೇರುವುದಿಲ್ಲ. ಇನ್ನೊಮ್ಮೆ ಎಳೆದರೆ ಕರಕರ ಸದ್ದು. ಅದೇ ಗಾಡಿಯನ್ನು ಹತ್ತೂವರೆಗೆ ಗ್ಯಾರೇಜಿನ ಮುಂದೆ ನಿಲ್ಲಿಸಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬೀಳುತ್ತದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಏನೂ ಆಗಿಲ್ಲ ಸ್ವಾಮಿ, ಗಾಡಿ ಚೆನ್ನಾಗಿಯೇ ಇದೆಯಲ್ಲ" ಎನ್ನುತ್ತಾರೆ.

ಎರಡು ಚಳಿಗಾಲ ನಾನು ಹೀಗೆ ಅಲೆದಿದ್ದೇನೆ. ಆಮೇಲೆ ಗೊತ್ತಾದದ್ದು ಇಷ್ಟು: ಈ ರೋಗ ಬಿಸಿಲಿಗೆ ಅಡಗಿಕೊಳ್ಳುತ್ತದೆ, ಹಾಗಾಗಿ ಪರೀಕ್ಷೆಯನ್ನೂ ಚಳಿಯಲ್ಲೇ ಮಾಡಬೇಕು. ರಾತ್ರಿಯಿಡೀ ಬಯಲಲ್ಲಿ ನಿಂತ ಗಾಡಿಯನ್ನು, ಎಂಜಿನ್ ಬಿಸಿಯಾಗುವ ಮೊದಲು, ಒಂದು ಟಾರ್ಚು, ಒಂದು ನೋಟ್‌ಬುಕ್ ಹಿಡಿದು ನೋಡಿದರೆ ಅರ್ಧ ಗಂಟೆಯಲ್ಲಿ ಸಿಗುವ ಉತ್ತರ, ಹಗಲು ಮೂರು ಗ್ಯಾರೇಜ್ ಸುತ್ತಿದರೂ ಸಿಗುವುದಿಲ್ಲ. ಕೆಳಗೆ ಬರೆದಿರುವ ಹೆಜ್ಜೆಗಳಲ್ಲಿ ಹೆಚ್ಚಿನವನ್ನು ಬೆಳಿಗ್ಗೆ ಐದೂವರೆಯಿಂದ ಏಳರೊಳಗೆ ಮಾಡುವುದು ಎಂದು ಇಟ್ಟುಕೊಳ್ಳಿ.

ನಮ್ಮ ಚಳಿಯನ್ನು ಎಷ್ಟು ದೂರಬಹುದು?

ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರದ ಕಡೆ ಮುಂಜಾನೆಯ ಉಷ್ಣಾಂಶ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಸೆಲ್ಸಿಯಸ್. ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಕಡಿಮೆ. ನಮಗೆ ಕಂಬಳಿ ಬೇಕಾದಷ್ಟು ಚಳಿ ಇದು, ಕಬ್ಬಿಣಕ್ಕೆ ಏನೇನೂ ಅಲ್ಲ. ಗೇರ್ ಆಯಿಲ್ ಡಬ್ಬದ ಮೇಲೆ 80ಡಬ್ಲ್ಯೂ-90 ಎಂದು ಬರೆದಿರುತ್ತದೆಯಲ್ಲ, ಅದರಲ್ಲಿ ಡಬ್ಲ್ಯೂ ಎಂದರೆ ಚಳಿಗಾಲದ ಗುರುತು. 80ಡಬ್ಲ್ಯೂ ದರ್ಜೆಯ ಆಯಿಲ್ ಮೈನಸ್ 26 ಡಿಗ್ರಿಯವರೆಗೂ ತನ್ನ ಕೆಲಸಕ್ಕೆ ಬೇಕಾದಷ್ಟು ತೆಳುವಾಗಿ ಉಳಿಯಬೇಕು ಎಂಬುದು ಅದರ ಮಾನದಂಡ. 75ಡಬ್ಲ್ಯೂ ಆದರೆ ಮೈನಸ್ 40. ಹೀಗಿರುವಾಗ 10 ಡಿಗ್ರಿಗೆ ಫೋರ್ ವೀಲ್ ಬೀಳುತ್ತಿಲ್ಲವೆಂದರೆ ಗಾಡಿಯಲ್ಲಿ ಮೊದಲೇ ಏನೋ ಒಂದು ಕೆಟ್ಟಿದೆ: ಆಯಿಲ್ ತಪ್ಪಾಗಿದೆ, ಗ್ರೀಸ್ ಒಣಗಿದೆ, ಹೋಸ್ ಬಿರಿದಿದೆ, ಬ್ಯಾಟರಿ ಸೋತಿದೆ, ಇಲ್ಲವೇ ಟೈರ್ ಹೊಂದಿಕೆಯಾಗುತ್ತಿಲ್ಲ. ಬಿಸಿಯಲ್ಲಿ ಹೇಗೋ ಸಾಗುತ್ತಿದ್ದುದು ತಣ್ಣಗಾದಾಗ ನಿಂತುಹೋಗುತ್ತದೆ, ಅಷ್ಟೆ. "ಚಳಿಗೆ ಹಾಗೇ ಸಾರ್, ಶಿವರಾತ್ರಿಗೆ ಸರಿಹೋಗುತ್ತದೆ" ಎನ್ನುವವರ ಮಾತನ್ನು ನಂಬಬೇಡಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ನಿಜ, ದೋಷ ಹೋಗುವುದಿಲ್ಲ.

ಚಳಿಗಿಂತ ಹೆಚ್ಚು ಕಾಟ ಕೊಡುವುದು ನಮ್ಮಲ್ಲಿ ತೇವ. ಅವರೆಕಾಯಿಗೆ ಸೊಗಡು ತರುವ ಇದೇ ಇಬ್ಬನಿ ಗಾಡಿಯ ಹೊಟ್ಟೆಯ ಕೆಳಗೂ ಇಳಿಯುತ್ತದೆ. ಆ ಮಾತು ಮುಂದೆ ಬರುತ್ತದೆ.

ನಿಮ್ಮ ಗಾಡಿ ಯಾವ ಬಗೆಯದು?

ಹುಡುಕುವ ದಾರಿ ಇದರ ಮೇಲೆ ನಿಂತಿದೆ. ಇಲ್ಲಿ ಹೇಳುತ್ತಿರುವುದೆಲ್ಲ ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನು ಜೋಡಿಸುವ ಗಾಡಿಗಳಿಗೆ. ಸದಾ ನಾಲ್ಕೂ ಚಕ್ರ ತಿರುಗಿಸುವ ಕಾರುಗಳ ಕಥೆ ಬೇರೆ.

ಹಳೆಯ ಮಹೀಂದ್ರ ಜೀಪುಗಳಲ್ಲಿ ಮುಖ್ಯ ಗೇರಿನ ಪಕ್ಕದಲ್ಲಿ ಎರಡು ಗಿಡ್ಡ ಲಿವರ್ ಇರುತ್ತವೆ: ಒಂದು ಮುಂದಿನ ಆಕ್ಸಲ್ (ಚಕ್ರಗಳ ಅಚ್ಚು) ಜೋಡಿಸಲು, ಇನ್ನೊಂದು ಹೈ-ಲೋ (ಮಾಮೂಲಿ ವೇಗ ಅಥವಾ ನಿಧಾನದ ಹೆಚ್ಚು ಬಲ) ಬದಲಿಸಲು. ಇಂಥವುಗಳಲ್ಲಿ ಏನಿದ್ದರೂ ಲಿವರ್, ಒಳಗೆ ಗೇರು ಸರಿಸುವ ಫೋರ್ಕ್, ಆಯಿಲ್, ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಹಬ್ ಇಷ್ಟೇ. ಕಣ್ಣಿಗೆ ಕಾಣುವ ಯಂತ್ರ. ಎರಡನೆಯ ಬಗೆಯಲ್ಲಿ ಲಿವರ್ ಒಂದೇ. ಅದರಲ್ಲೇ 2ಎಚ್ (ಎರಡು ಚಕ್ರ, ಮಾಮೂಲಿ ವೇಗ), 4ಎಚ್ (ನಾಲ್ಕು ಚಕ್ರ, ಮಾಮೂಲಿ ವೇಗ), ನ್ಯೂಟ್ರಲ್, 4ಎಲ್ (ನಾಲ್ಕು ಚಕ್ರ, ನಿಧಾನ ಆದರೆ ಹೆಚ್ಚು ಬಲ) ಎಲ್ಲವೂ. ಮುಂದಿನ ಹಬ್‌ಗಳನ್ನು ಕೈಯಿಂದ ತಿರುಗಿಸಬೇಕು, ಇಲ್ಲವೇ ಅವು ವ್ಯಾಕ್ಯೂಮ್ (ಗಾಳಿ ಹೀರುವ) ಎಳೆತದಿಂದ ತಾವೇ ಕೂರುತ್ತವೆ. ಮೂರನೆಯದರಲ್ಲಿ ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಸ್ವಿಚ್. ಕೆಳಗೆ ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಗೆ, ಅಂಟಿಕೊಂಡ ಪುಟ್ಟ ಮೋಟರ್ ಆ ಕೆಲಸ ಮಾಡುತ್ತದೆ. ಹೊಸದಾದಷ್ಟೂ ಸುಖ ಹೆಚ್ಚು, ಕೆಡಲು ಜಾಗವೂ ಹೆಚ್ಚು.

ಮೊದಲ ಹೆಜ್ಜೆ: ಹಾಕುವ ರೀತಿ ಸರಿಯಿದೆಯೇ?

ಹೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ, ಆದರೆ ನನ್ನ ಬಳಿ ಗಾಡಿ ತಂದವರಲ್ಲಿ ಎಷ್ಟೋ ಜನರ ತೊಂದರೆ ಇಲ್ಲೇ ಮುಗಿದಿದೆ.

4ಎಚ್ ಅನ್ನು ಓಡುತ್ತಿರುವಾಗಲೇ ಹಾಕಬಹುದು ಎಂದು ಕೆಲವು ಗಾಡಿಗಳ ಕೈಪಿಡಿ ಹೇಳುತ್ತದೆ. ಸರಿ. ಆದರೆ ಹಬ್ ಬಿಟ್ಟುಕೊಂಡಿರುವಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಟ್ರಾನ್ಸ್‌ಫರ್ ಕೇಸಿನಿಂದ ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಸರಳು) ಮತ್ತು ಡಿಫರೆನ್ಷಿಯಲ್ (ಆ ಬಲವನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರು) ನಿಂತೇ ಇರುತ್ತವೆ. 40 ಕಿಲೋಮೀಟರ್ ವೇಗದಲ್ಲಿ ಲಿವರ್ ಎಳೆದರೆ ಆ ನಿಂತ ಭಾರವನ್ನೆಲ್ಲ ಒಂದು ಸಣ್ಣ ಸಿಂಕ್ರೊ ಉಂಗುರ ಕ್ಷಣಾರ್ಧದಲ್ಲಿ ಅದೇ ವೇಗಕ್ಕೆ ತರಬೇಕು. ಆಯಿಲ್ ಬಿಸಿಯಿದ್ದಾಗ ತಂದೀತು. ಬೆಳಗಿನ ಜಾವ ಮಂದವಾದ ಆಯಿಲ್ ಹಿಡಿದುಕೊಂಡಿರುವಾಗ ತಾರದು. ಆದ್ದರಿಂದ ಚಳಿಯಲ್ಲಿ ನಿಂತು ಹಾಕಿ, ಇಲ್ಲವೇ ನಡಿಗೆಯ ವೇಗದಲ್ಲಿ, ಸ್ಟೀರಿಂಗ್ ನೇರವಾಗಿಟ್ಟು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಹಾಕಿ.

4ಎಲ್ ಹಾಕುವಾಗ ಪೂರ್ತಿ ನಿಲ್ಲಿಸಿ, ಮುಖ್ಯ ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಒತ್ತಿ. ಒತ್ತಿದ ತಕ್ಷಣ ಲಿವರಿಗೆ ಕೈ ಹಾಕಬೇಡಿ. ಒಂದು, ಎರಡು, ಮೂರು, ನಾಲ್ಕು ಎಂದು ಮನಸ್ಸಿನಲ್ಲೇ ಎಣಿಸಿ. ಗೇರ್ ಬಾಕ್ಸಿನಲ್ಲಿ ಮಂದ ಆಯಿಲ್ ಇರುವಾಗ ಕ್ಲಚ್ ಬಿಟ್ಟಿದ್ದರೆ ನ್ಯೂಟ್ರಲ್‌ನಲ್ಲೂ ಒಳಗಿನ ಶಾಫ್ಟ್ ಆಯಿಲಿನ ಎಳೆತಕ್ಕೇ ನಿಧಾನವಾಗಿ ತಿರುಗುತ್ತಿರುತ್ತದೆ. ಕರಕರ ಸದ್ದಿನ ಮೂಲ ಅದು. ಎಣಿಸಿದ ಮೇಲೂ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿದೆ ಎಂದರ್ಥ. ಗಾಡಿಯನ್ನು ಒಂದು ಮಾರು ಮುಂದಕ್ಕೆ ಉರುಳಿಸಿ ಮತ್ತೆ ಪ್ರಯತ್ನಿಸಿ. ಲಿವರಿಗೆ ಕಾಲು ಕೊಟ್ಟು ಒದೆಯುವುದನ್ನು ನೋಡಿದ್ದೇನೆ. ಒಳಗಿನ ಫೋರ್ಕ್ ಬಾಗಿದರೆ ಟ್ರಾನ್ಸ್‌ಫರ್ ಕೇಸ್ ಇಳಿಸಿಯೇ ರಿಪೇರಿ ಮಾಡಬೇಕು, ಆ ದಿನದ ಹೂವಿನ ದುಡ್ಡು ಅದಕ್ಕೆ ಸಾಲದು.

ಕೈಯಿಂದ ತಿರುಗಿಸುವ ಹಬ್ ಇರುವ ಗಾಡಿಯಲ್ಲಿ ಎರಡೂ ಕಡೆ ಲಾಕ್ ಆಗಿದೆಯೇ ನೋಡಿ. ಒಂದು ಕಡೆ ಮಾತ್ರ ತಿರುಗಿಸಿ ಇನ್ನೊಂದು ಮರೆತರೆ ಡಿಫರೆನ್ಷಿಯಲ್ ತನ್ನ ಬಲವನ್ನೆಲ್ಲ ಬಿಟ್ಟುಕೊಂಡ ಕಡೆಗೇ ಸುರಿಯುತ್ತದೆ, ಮುಂದಿನ ಚಕ್ರ ಎಳೆಯುವುದೇ ಇಲ್ಲ. ಕತ್ತಲಲ್ಲಿ ಇದು ಯಾರಿಗೂ ಆಗಬಹುದು. ನನಗೂ ಆಗಿದೆ.

ಎರಡನೆಯ ಹೆಜ್ಜೆ: ಬೆಳಗಿನ ಟಿಪ್ಪಣಿ

ಮೂರು ದಿನ ಬರೆದಿಡಿ. ಗಾಡಿ ಎಷ್ಟು ಗಂಟೆ ನಿಂತಿತ್ತು, ಲಿವರ್ ಅಲುಗಾಡುವುದೇ ಇಲ್ಲವೋ ಅಥವಾ ಅಲುಗಾಡಿದರೂ ಚಕ್ರ ಎಳೆಯುತ್ತಿಲ್ಲವೋ, ಡ್ಯಾಶ್‌ಬೋರ್ಡಿನ ಫೋರ್ ವೀಲ್ ದೀಪ ಹೊತ್ತಿತೋ ಮಿನುಗಿತೋ, ಎಷ್ಟು ದೂರ ಓಡಿಸಿದ ಮೇಲೆ ಸರಿಹೋಯಿತು. ಕೊನೆಯದು ಮುಖ್ಯ. ಎಂಜಿನ್ ಹೊತ್ತಿಸಿದ ಐದು ನಿಮಿಷದಲ್ಲೇ, ಗಾಡಿ ಕದಲುವ ಮೊದಲೇ ಸರಿಹೋದರೆ ವ್ಯಾಕ್ಯೂಮ್ ಅಥವಾ ಬ್ಯಾಟರಿಯ ಕಡೆ ಸಂಶಯ ಇಡಿ. ಎಂಟು ಹತ್ತು ಕಿಲೋಮೀಟರ್ ಓಡಿದ ಮೇಲಷ್ಟೇ ಸರಿಹೋದರೆ ಟ್ರಾನ್ಸ್‌ಫರ್ ಕೇಸಿನ ಆಯಿಲ್. ಓಡಿಸಿದರೂ ಸರಿಹೋಗದೆ, ಬಿಸಿಲು ಏರಿದ ಮೇಲೆ ಮಾತ್ರ ಸರಿಹೋದರೆ ಹೊರಗಿನ ಲಿಂಕೇಜು (ಲಿವರಿನಿಂದ ಕೇಸಿಗೆ ಹೋಗುವ ಸರಳು), ಹಬ್, ವೈರಿನ ಕನೆಕ್ಟರುಗಳು. ಇದು ಶಾಸನವಲ್ಲ, ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಸುತ್ತದೆ.

ಮೂರನೆಯ ಹೆಜ್ಜೆ: ಟೈರು

ಫೋರ್ ವೀಲ್ ಬೀಳದಿದ್ದರೆ ಟೈರು ನೋಡುವುದೇಕೆ ಎನ್ನುತ್ತೀರಿ. ಹಿಂದೆ ಹೊಸ ಟೈರು, ಮುಂದೆ ಸವೆದ ಟೈರು ಹಾಕುವುದು ನಮ್ಮಲ್ಲಿ ರೂಢಿ. ಹೊಸ ಟೈರಿನ ಮೈಮೇಲಿನ ಗೀರುಗಳ ಆಳ 8 ಮಿಲಿಮೀಟರ್, ಸವೆದದ್ದರದು 2 ಎಂದುಕೊಳ್ಳಿ. ಚಕ್ರದ ತ್ರಿಜ್ಯದಲ್ಲಿ 6 ಮಿಲಿಮೀಟರ್ ವ್ಯತ್ಯಾಸ. ಒಂದು ಸುತ್ತಿಗೆ ಸುಮಾರು 38 ಮಿಲಿಮೀಟರ್. ನೂರು ಮೀಟರ್ ಹೋಗುವಷ್ಟರಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ಒಂದೂವರೆ ಮೀಟರಿಗಿಂತ ಹೆಚ್ಚು ಜಗಳ. ಮಣ್ಣಿನಲ್ಲಿ ಟೈರು ಜಾರಿ ಆ ಜಗಳ ತೀರಿಸಿಕೊಳ್ಳುತ್ತದೆ. ಟಾರಿನ ಮೇಲೆ ತೀರುವುದಿಲ್ಲ, ಶಾಫ್ಟುಗಳು ಹಗ್ಗ ಹೊಸೆದಂತೆ ಬಿಗಿದುಕೊಳ್ಳುತ್ತವೆ. ಆಗ ಲಿವರ್ ಒಳಗೂ ಹೋಗದು, ಹೊರಗೂ ಬಾರದು.

ಅಳೆಯುವುದು ಸುಲಭ. ಸಮತಟ್ಟಾದ ನೆಲದಲ್ಲಿ ಮುಂದಿನ, ಹಿಂದಿನ ಟೈರಿಗೆ ನೆಲ ಮುಟ್ಟುವ ಕಡೆ ಸುಣ್ಣದ ಗೆರೆ ಎಳೆದು, ಐದು ಸುತ್ತು ಉರುಳಿಸಿ ಎರಡೂ ದೂರ ಅಳೆಯಿರಿ. ಮೊದಲು ಗಾಳಿ ಸರಿ ಮಾಡಿಕೊಂಡೇ ಅಳೆಯಬೇಕು, ಅದನ್ನೂ ತಣ್ಣಗಿರುವಾಗ. ಮಧ್ಯಾಹ್ನ ಹಿಡಿಸಿದ ಗಾಳಿ ಬೆಳಗಿನ ಜಾವಕ್ಕೆ ಇಳಿದಿರುತ್ತದೆ.

ನಾಲ್ಕನೆಯ ಹೆಜ್ಜೆ: ಆಯಿಲ್

ನನ್ನ ಎರಡು ಚಳಿಗಾಲ ತಿಂದದ್ದು ಇದೇ.

ಹಳೆಯ ಜೀಪನ್ನು ಮಾರಿ, ಬಳಸಿದ ಡೀಸೆಲ್ ಗಾಡಿಯೊಂದನ್ನು ಕೊಂಡಿದ್ದೆ. ಒಂದೇ ಲಿವರಿನದು, ಟ್ರಾನ್ಸ್‌ಫರ್ ಕೇಸಿನೊಳಗೆ ಗೇರಿನ ಬದಲು ಚೈನು. ಕೊಂಡ ಹೊಸತರಲ್ಲಿ ಒಂದು ಗ್ಯಾರೇಜಿನಲ್ಲಿ ಎಲ್ಲ ಆಯಿಲ್ ಬದಲಿಸಿ ಕೊಡಿ ಎಂದೆ. ಬದಲಿಸಿಕೊಟ್ಟರು. ಎಂಜಿನ್ನಿಗೆ ಎಂಜಿನ್ ಆಯಿಲ್, ಉಳಿದ ಎಲ್ಲಕ್ಕೂ ಒಂದೇ ಡಬ್ಬದಿಂದ ತೊಂಬತ್ತು ನಂಬರಿನ ಆಯಿಲ್. ಹಳೆಯ ಜೀಪಿಗೆ ಅದು ಸರಿಯೇ. ಆದರೆ ಚೈನಿನ ಟ್ರಾನ್ಸ್‌ಫರ್ ಕೇಸುಗಳಲ್ಲಿ ಬಹಳಷ್ಟಕ್ಕೆ ಬೇಕಾದದ್ದು ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ಕೆಂಪು ಎಣ್ಣೆ. ಸಾಮಾನ್ಯ 80ಡಬ್ಲ್ಯೂ-90 ಗೇರ್ ಆಯಿಲ್ 40 ಡಿಗ್ರಿಯಲ್ಲೇ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಮಂದ. ತಣ್ಣಗಾದಷ್ಟೂ ಈ ಅಂತರ ಹಿಗ್ಗುತ್ತದೆ. ಒಳಗಿನ ಕಾಲರ್ (ಹಲ್ಲುಗಳನ್ನು ಜೋಡಿಸುವ ಉಂಗುರ) ಜಾರಬೇಕಾದ ಜಾಗದಲ್ಲಿ ಜೋನಿ ಬೆಲ್ಲ ಸುರಿದಿಟ್ಟರೆ ಹೇಗಿರುತ್ತದೆ? ಹಾಗಿತ್ತು ನನ್ನ ಗಾಡಿ. ಕೊನೆಗೆ ಒಂದು ದಿನ ಬೆಳಿಗ್ಗೆ ಆರಕ್ಕೆ ನಾನೇ ಗಾಡಿಯ ಕೆಳಗೆ ಮಲಗಿ ಟ್ರಾನ್ಸ್‌ಫರ್ ಕೇಸಿಗೆ ಆಯಿಲ್ ತುಂಬಿಸುವ ಮೇಲಿನ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿದೆ. ಬೆರಳಿಗೆ ಬಂದದ್ದು ಕೆಂಪಲ್ಲ, ಜೇನಿನ ಬಣ್ಣ. ಮೂಗಿನ ಹತ್ತಿರ ತಂದರೆ ಗೇರ್ ಆಯಿಲಿನ ಗಂಧಕದ ನಾತ. ಬೆರಳನ್ನು ಮೇಲೆತ್ತಿದರೆ ಹನಿ ಬೀಳದೆ ದಾರದಂತೆ ಉದ್ದಕ್ಕೆ ಎಳೆಯಿತು. ಕೈಪಿಡಿ ತೆಗೆದು ನೋಡಿದೆ, ಎಟಿಎಫ್ ಎಂದೇ ಇತ್ತು.

ಆದ್ದರಿಂದ ಕ್ರಮ ಹೀಗೆ. ಗಾಡಿಯ ಕೈಪಿಡಿಯಲ್ಲಿ ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್ ಈ ನಾಲ್ಕಕ್ಕೂ ಯಾವ ಆಯಿಲ್, ಎಷ್ಟು ಎಂಬುದನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ. ಬಿಚ್ಚುವಾಗ ಯಾವಾಗಲೂ ಮೇಲಿನ ಪ್ಲಗ್ ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಬಾರದೇ ಹೋದರೆ, ಕೆಳಗಿನದನ್ನು ಬಿಚ್ಚಿ ಆಯಿಲ್ ಚೆಲ್ಲಿಕೊಂಡವನು ತುಂಬಿಸುವುದೆಲ್ಲಿಂದ? ಬಂದ ಆಯಿಲನ್ನು ಬಿಳಿಯ ತಟ್ಟೆಗೆ ಹಿಡಿಯಿರಿ. ಹಾಲು ಹೆಚ್ಚಾದ ಚಹಾದ ಬಣ್ಣವಿದ್ದರೆ ನೀರು ಸೇರಿದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ಬೂದಿಯಂಥ ಪುಡಿ ಸಹಜ. ಉಗುರಿಗೆ ಸಿಗುವಷ್ಟು ಚೂರುಗಳಿದ್ದರೆ ಸಹಜವಲ್ಲ.

ನೀರು ಎಲ್ಲಿಂದ ಬರುತ್ತದೆ? ಟ್ರಾನ್ಸ್‌ಫರ್ ಕೇಸಿಗೂ ಆಕ್ಸಲ್‌ಗಳಿಗೂ ಉಸಿರಾಡಲು ಬ್ರೀದರ್ ಇರುತ್ತದೆ. ಅದು ಕೆಮ್ಮಣ್ಣಿನಿಂದ ಮುಚ್ಚಿಹೋದರೆ, ಬಿಸಿಯಾಗಿದ್ದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ. 2021ರ ನವೆಂಬರ್ ಮಳೆಗೆ ನಮ್ಮ ಭಾಗದ ಕೆರೆಗಳು ವರ್ಷಗಳ ಮೇಲೆ ಕೋಡಿ ಬಿದ್ದಾಗ ಎಲ್ಲರೂ ಸಂಭ್ರಮದಿಂದ ಕೋಡಿ ನೀರಿನಲ್ಲಿ ಗಾಡಿ ಇಳಿಸಿದರು, ನಾನೂ ಇಳಿಸಿದೆ. ಹಾಗೆ ನೀರಿಗಿಳಿಸಿದ ಗಾಡಿಯ ಆಯಿಲನ್ನು ಒಂದು ವಾರದೊಳಗೆ ನೋಡಬೇಕಿತ್ತು. ಯಾರು ನೋಡುತ್ತಾರೆ? ಬ್ರೀದರ್ ಪೈಪಿನ ತುದಿಗೆ ಬಾಯಿಟ್ಟು ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು.

ಐದನೆಯ ಹೆಜ್ಜೆ: ಲಿಂಕೇಜು ಮತ್ತು ಹಬ್

ಲಿವರ್ ಕಲ್ಲಿನಂತೆ ನಿಂತಿದ್ದರೆ ಗಾಡಿಯ ಕೆಳಗೆ ಹೋಗಿ, ಲಿವರಿನಿಂದ ಟ್ರಾನ್ಸ್‌ಫರ್ ಕೇಸಿಗೆ ಹೋಗುವ ಸರಳನ್ನು ಕೇಸಿನ ತುದಿಯಲ್ಲಿ ಬಿಚ್ಚಿ. ಈಗ ಮೇಲಿನ ಲಿವರ್ ಆಡಿಸಿ. ಇನ್ನೂ ಬಿಗಿಯಿದ್ದರೆ ದೋಷ ಲಿಂಕೇಜಿನದು, ಸಡಿಲವಾಗಿದ್ದರೆ ದೋಷ ಕೇಸಿನೊಳಗಿನದು. ಎರಡು ನಿಮಿಷದ ಈ ಪರೀಕ್ಷೆ ಎಷ್ಟೋ ಟ್ರಾನ್ಸ್‌ಫರ್ ಕೇಸುಗಳನ್ನು ವೃಥಾ ಬಿಚ್ಚುವುದರಿಂದ ಉಳಿಸುತ್ತದೆ. ಲಿಂಕೇಜಿನ ಬುಷ್‌ಗಳ ಸುತ್ತ ಮಳೆಗಾಲದ ಕೆಸರು ಒಣಗಿ ಸುಟ್ಟ ಇಟ್ಟಿಗೆಯಷ್ಟು ಗಟ್ಟಿಯಾಗಿರುತ್ತದೆ. ಕೆರೆದು, ತೊಳೆದು, ಒಣಗಿಸಿ, ಆಮೇಲೆ ಹೊಸ ಗ್ರೀಸ್ ಹಾಕಿ. ಹಳೆಯ ಮಣ್ಣಿನ ಮೇಲೆಯೇ ಗ್ರೀಸ್ ಒತ್ತಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಹಬ್‌ಗೆ ಇದಕ್ಕೆ ಉಲ್ಟಾ ಎಚ್ಚರಿಕೆ. ಅಲ್ಲಿ ಗ್ರೀಸ್ ಕಡಿಮೆಯಿರಬೇಕು. ವೀಲ್ ಬೇರಿಂಗಿಗೆ ತುಂಬುವ ಹಾಗೆ ಲಾಕಿಂಗ್ ಹಬ್ಬಿನೊಳಗೂ ಮುಷ್ಟಿಗಟ್ಟಲೆ ಗ್ರೀಸ್ ತುಂಬಿದರೆ, ಒಳಗಿನ ಸಣ್ಣ ಸ್ಪ್ರಿಂಗಿಗೆ ಚಳಿಯಲ್ಲಿ ಆ ಗಟ್ಟಿ ಗ್ರೀಸನ್ನು ತಳ್ಳುವ ಶಕ್ತಿಯಿಲ್ಲ. ಹಬ್ಬಿನ ಮೇಲೆ ಕೈಯಿಂದ ತಿರುಗಿಸುವ ಗುಂಡಿ ಲಾಕ್ ಎಂದು ತೋರಿಸುತ್ತದೆ, ಒಳಗಿನ ಹಲ್ಲು ಸೇರಿರುವುದಿಲ್ಲ. ಬಿಚ್ಚಿ, ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು, ಬೆರಳಿಗೆ ಹತ್ತಿದಷ್ಟೇ ತೆಳುವಾಗಿ ಸವರಿ ಮುಚ್ಚಿ. ಮುಚ್ಚಳದ ರಬ್ಬರ್ ಉಂಗುರ ಹಳತಾಗಿದ್ದರೆ ಹೊಸದು ಹಾಕಿ, ಇಬ್ಬನಿ ಒಳಗೆ ಇಳಿಯುವುದು ಅಲ್ಲಿಂದಲೇ. ಗುಂಡಿ ಕೈಗೆ ಬಾರದಿದ್ದರೆ ಇಕ್ಕಳ ಹಾಕಿ ತಿರುಚಬೇಡಿ, ಗಾಡಿಯನ್ನು ಅರ್ಧ ಅಡಿ ಹಿಂದೆ ಮುಂದೆ ಆಡಿಸಿ ನೋಡಿ.

ಆರನೆಯ ಹೆಜ್ಜೆ: ವ್ಯಾಕ್ಯೂಮ್

ಹಬ್ ಅಥವಾ ಮುಂದಿನ ಆಕ್ಸಲ್ ವ್ಯಾಕ್ಯೂಮಿನಿಂದ ಕೂರುವ ಗಾಡಿಯಿದ್ದರೆ ಮಾತ್ರ ಇದನ್ನು ಓದಿ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಎಳೆತ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಸಿಗುತ್ತದೆ. ಡೀಸೆಲಿನಲ್ಲಿ ಅದಕ್ಕೆಂದೇ ಒಂದು ಪಂಪು. ಅದೇ ಪಂಪಿನಿಂದ ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೂ ಎಳೆತ ಹೋಗುವುದರಿಂದ ಬ್ರೇಕ್ ಪೆಡಲೇ ನಿಮ್ಮ ಮೊದಲ ಮೀಟರು. ಬೆಳಿಗ್ಗೆ ಎಂಜಿನ್ ಹೊತ್ತಿಸಿದ ಮೇಲೂ ಪೆಡಲ್ ಗಟ್ಟಿಯಾಗಿಯೇ ಇದ್ದರೆ ಫೋರ್ ವೀಲ್ ಮರೆತು ಮೊದಲು ಪಂಪು ನೋಡಿಸಿ, ಅದು ಪ್ರಾಣದ ಪ್ರಶ್ನೆ.

ಪೆಡಲ್ ಸರಿಯಿದ್ದರೆ ಹೋಸ್‌ಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಬಾಗಿಸಿ. ಹಳೆಯ ರಬ್ಬರ್ ಚಳಿಗೆ ಬಿರುಸಾಗಿ, ತುದಿಯಲ್ಲಿ ನಿಪ್ಪಲ್ ಹಿಡಿದ ಕಡೆ ಸೀಳುತ್ತದೆ. ಬಿಸಿಲಿಗೆ ಮೆತ್ತಗಾಗಿ ಮತ್ತೆ ಕಚ್ಚಿಕೊಳ್ಳುವುದರಿಂದ ಹಗಲಲ್ಲಿ ತಪ್ಪು ಕಾಣದು. ಇನ್ನೊಂದು ಕಾರಣ ನಮ್ಮ ಊರಿಗೆ ವಿಶೇಷ: ರಾಗಿ ಕಟಾವಾದ ಮೇಲೆ ಹೊಲದ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಸಂಸಾರ ಹೂಡಿ ಹೋಸ್ ಕಡಿಯುತ್ತವೆ. ಕೈಪಂಪು ಸಿಕ್ಕರೆ ಹಬ್ಬಿನ ಕಡೆಯ ಹೋಸಿಗೆ ಜೋಡಿಸಿ 500 ಮಿಲಿಮೀಟರ್ ಪಾದರಸದಷ್ಟು ಎಳೆದು ಒಂದು ನಿಮಿಷ ನೋಡಿ. ಮುಳ್ಳು ನಿಂತಲ್ಲೇ ನಿಂತರೆ ಆ ಕಡೆ ಸರಿ. ನಿಧಾನವಾಗಿ ಇಳಿದರೆ ಹಬ್ಬಿನ ಸೀಲು, ತಟ್ಟನೆ ಇಳಿದರೆ ಹೋಸ್ ಎಂದು ಶುರುಮಾಡಿ.

ಏಳನೆಯ ಹೆಜ್ಜೆ: ಸ್ವಿಚ್ಚು, ಮೋಟರು, ದೀಪ

ಬ್ಯಾಟರಿಯಿಂದ ಆರಂಭಿಸಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ಮುದಿಯಾಗಿದೆ. ವೋಲ್ಟೇಜ್ ಕಡಿಮೆಯಾದರೆ ಎಂಜಿನ್ ಹೇಗೋ ಹೊತ್ತಿಕೊಂಡರೂ ಫೋರ್ ವೀಲ್ ನಿಯಂತ್ರಿಸುವ ಪೆಟ್ಟಿಗೆ ಮೋಟರನ್ನು ತಿರುಗಿಸಲು ಒಪ್ಪದೇ ಇರಬಹುದು. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರ ನಡುವೆ ಇರಬೇಕು.

ಆಮೇಲೆ ಫ್ಯೂಸು. ಅದಾದ ಮೇಲೆ ಒಬ್ಬರನ್ನು ಸ್ವಿಚ್ ತಿರುಗಿಸಲು ಕೂರಿಸಿ, ನೀವು ಟ್ರಾನ್ಸ್‌ಫರ್ ಕೇಸಿನ ಹತ್ತಿರ ಕಿವಿಯಿಡಿ. ಗುರ್ ಎಂದು ತಿರುಗಿ ಟಕ್ ಎಂದು ನಿಂತರೆ ಮೋಟರ್ ಜೀವಂತ. ಗುರ್ ಎಂದು ಶುರುವಾಗಿ ಅರ್ಧಕ್ಕೇ ನಿಂತರೆ ಒಳಗಿನ ಗ್ರೀಸ್ ಒಣಗಿದೆ ಅಥವಾ ಕೇಸು ಬಿಗಿಯಾಗಿದೆ. ಸದ್ದೇ ಇಲ್ಲದಿದ್ದರೆ ಕನೆಕ್ಟರ್ ಬಿಚ್ಚಿ ನೋಡಿ. ತಾಮ್ರದ ಮೇಲೆ ಹಸಿರು ಕಿಲುಬು ಹತ್ತಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಹಾಕಿ.

ದೀಪವನ್ನು ನಂಬಿ ಕೂರಬೇಡಿ. ಎಷ್ಟೋ ಗಾಡಿಗಳಲ್ಲಿ ದೀಪ ಹೊತ್ತಿಸುವುದು ಕೇಸಿಗೋ ಆಕ್ಸಲ್‌ಗೋ ಸಿಕ್ಕಿಸಿದ ಒಂದು ಪುಟ್ಟ ಸ್ವಿಚ್ಚು. ಅದರ ಗುಂಡಿ ಮಣ್ಣಿಗೆ ಸಿಕ್ಕಿಕೊಂಡರೆ ಫೋರ್ ವೀಲ್ ಬಿದ್ದಿದ್ದರೂ ದೀಪ ಹೊತ್ತದು, ಬೀಳದಿದ್ದರೂ ಹೊತ್ತಿಯೇ ಇರಬಹುದು.

ಎಂಟನೆಯ ಹೆಜ್ಜೆ: ಚಕ್ರ ಎತ್ತಿ ನೋಡುವ ಪರೀಕ್ಷೆ

ನಿಜವಾಗಿ ಬಿದ್ದಿದೆಯೋ ಇಲ್ಲವೋ ತಿಳಿಯಲು ನನಗೆ ಗೊತ್ತಿರುವ ಖಚಿತ ದಾರಿ ಇದೊಂದೇ. ಗಟ್ಟಿ ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಮುಂದಿನ ಎರಡೂ ಚಕ್ರ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿನ ಮೇಲೆಯೇ ಬಿಟ್ಟು ಕೆಳಗೆ ಹೋಗಬಾರದು. ಸಿಮೆಂಟ್ ಇಟ್ಟಿಗೆಯ ಮೇಲೆ ನಿಲ್ಲಿಸಲೇಬಾರದು, ಅದು ಸಿಡಿಯುವ ಮುನ್ನ ಹೇಳಿಕೇಳಿ ಸಿಡಿಯುವುದಿಲ್ಲ. ಫೋರ್ ವೀಲನ್ನೂ ಹಬ್‌ಗಳನ್ನೂ ಹಾಕಿ. ವ್ಯಾಕ್ಯೂಮ್ ಹಬ್ ಇದ್ದರೆ ಚಕ್ರ ಎತ್ತುವ ಮೊದಲೇ ಎಂಜಿನ್ ಓಡಿಸಿ ಹಬ್ ಕೂರಿಸಿಕೊಂಡಿರಬೇಕು. ಎಂಜಿನ್ ಆರಿಸಿ, ಮೊದಲ ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆಯಿರಿ.

ಈಗ ಮುಂದಿನ ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಚಕ್ರ ಉಲ್ಟಾ ದಿಕ್ಕಿಗೆ ತಿರುಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನಿಂತೇ ಇದ್ದರೆ ಎಲ್ಲವೂ ಸರಿ. ಪ್ರೊಪೆಲ್ಲರ್ ಶಾಫ್ಟ್ ಜೊತೆಗೆ ತಿರುಗಿದರೆ ಟ್ರಾನ್ಸ್‌ಫರ್ ಕೇಸಿನಲ್ಲಿ ಬಿದ್ದಿಲ್ಲ. ನೀವು ತಿರುಗಿಸುವ ಚಕ್ರ ಮಾತ್ರ ತಿರುಗಿ, ಶಾಫ್ಟ್ ಮತ್ತು ಎದುರು ಚಕ್ರ ಎರಡೂ ನಿಂತಿದ್ದರೆ ಯಾವುದೋ ಒಂದು ಹಬ್ ಕೂತಿಲ್ಲ. ಯಾವುದು? ಚಕ್ರದ ಹಿಂಬದಿಗೆ ಟಾರ್ಚು ಬಿಟ್ಟು, ಪ್ರತಿ ಚಕ್ರವನ್ನೂ ತಿರುಗಿಸುತ್ತ ಅದರ ಆಕ್ಸಲ್ ಶಾಫ್ಟ್ ನೋಡಿ. ಚಕ್ರ ತಿರುಗಿ ಶಾಫ್ಟ್ ತಿರುಗದ ಕಡೆಯದೇ ಕಳ್ಳ.

ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಗಡಿಯಾರವೂ ಕಾಣುವ ಹಾಗೆ. ಹತ್ತೂವರೆಗೆ ಮೆಕ್ಯಾನಿಕ್ "ಏನೂ ಆಗಿಲ್ಲ" ಎಂದಾಗ ತೋರಿಸಲು.

ಬಿದ್ದದ್ದು ಬಿಡದಿದ್ದರೆ

ದಿಬ್ಬ ಹತ್ತಿ ಟಾರು ರಸ್ತೆಗೆ ಬಂದ ಮೇಲೆ 2ಎಚ್‌ಗೆ ಹಾಕಲು ಮರೆತು ಹಾಗೇ ಊರಿನವರೆಗೆ ಓಡಿಸಿದರೆ ಶಾಫ್ಟುಗಳು ಬಿಗಿದು ಲಿವರ್ ಕಚ್ಚಿಕೊಳ್ಳುತ್ತದೆ. ಗಾಬರಿ ಬೇಡ. ಸ್ಟೀರಿಂಗ್ ನೇರ ಮಾಡಿ ಐದಾರು ಮೀಟರ್ ನಿಧಾನಕ್ಕೆ ಹಿಂದಕ್ಕೆ ಬನ್ನಿ, ಬರುತ್ತಿರುವಾಗಲೇ ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಬಾರದಿದ್ದರೆ ಒಂದು ಕಡೆಯ ಚಕ್ರಗಳನ್ನು ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ಇನ್ನೊಮ್ಮೆ. ತಾವೇ ಲಾಕ್ ಆಗುವ ಹಳೆಯ ಮಾದರಿಯ ಹಬ್‌ಗಳು ಬಿಡಲೂ ಎರಡು ಮೂರು ಮೀಟರ್ ರಿವರ್ಸ್ ಬೇಕು.

ಟ್ರ್ಯಾಕ್ಟರಿನವರಿಗೆ ಎರಡು ಮಾತು

ದ್ರಾಕ್ಷಿ ತೋಟಗಳಲ್ಲಿ ಈಗ ಫೋರ್ ವೀಲ್ ಮಿನಿ ಟ್ರ್ಯಾಕ್ಟರುಗಳೇ ಹೆಚ್ಚು. ಲಿವರಿನಿಂದ ಹಾಕುವ ಮಾದರಿಗಳಲ್ಲಿ ಜೋಡಣೆ ಹಲ್ಲಿಗೆ ಹಲ್ಲು ಸೇರುವ ಸರಳ ಕ್ಲಚ್, ಸಿಂಕ್ರೊ ಇಲ್ಲ. ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿಯೇ ಹಾಕಬೇಕು. ಅಲ್ಲದೆ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ತುಸು ವೇಗವಾಗಿ ಎಳೆಯುವಂತೆ ಕಂಪನಿಯೇ ಲೆಕ್ಕ ಹಾಕಿರುತ್ತದೆ. ಮುಂದಿನ ಟೈರನ್ನು ಬೇರೆ ಅಳತೆಗೆ ಬದಲಿಸಿದರೆ ಆ ಲೆಕ್ಕ ಕೆಡುತ್ತದೆ, ಲಿವರ್ ಬಿಗಿಯುತ್ತದೆ.

ಮೇಲಿನ ಹಿಮಕ್ಕೆ ಹೋಗುವವರಿಗೆ

ಇಲ್ಲಿಂದ ಲಡಾಖಿಗೆ ಗಾಡಿ ಓಡಿಸಿಕೊಂಡು ಹೋಗುವ ಹುಡುಗರಿಗೆ ಮೇಲಿನದೆಲ್ಲ ಸಾಲದು. ಅಲ್ಲಿ ಆಯಿಲಿನ ದರ್ಜೆ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಕೈಪಿಡಿ ಒಪ್ಪಿದರೆ ಡಿಫರೆನ್ಷಿಯಲ್‌ಗಳಿಗೆ 75ಡಬ್ಲ್ಯೂ-90 ಹಾಕಿಸಿ. ಸಾಮಾನ್ಯ ಡೀಸೆಲಿನ ಮೇಣ ಅಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆಂದೇ 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಲಡಾಖಿಗೆ ತಂದಿತು. ರಾತ್ರಿ ಹ್ಯಾಂಡ್ ಬ್ರೇಕ್ ಎಳೆದು ಮಲಗಬೇಡಿ, ಒದ್ದೆ ಕೇಬಲ್ ಹೆಪ್ಪುಗಟ್ಟುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ನನ್ನ ಗಾಡಿಯ ವಿಷಯ ಅರ್ಧಕ್ಕೇ ಬಿಟ್ಟೆ. ತೊಂಬತ್ತನ್ನು ಇಳಿಸಿ ಎಟಿಎಫ್ ತುಂಬಿಸಿದೆ, ಹತ್ತು ಕಿಲೋಮೀಟರ್ ಓಡಿಸಿ ಅದನ್ನೂ ಇಳಿಸಿ ಮತ್ತೊಮ್ಮೆ ಹೊಸದು ತುಂಬಿಸಿದೆ, ಮೂಲೆಗಳಲ್ಲಿ ಉಳಿದ ಹಳೆಯ ಆಯಿಲ್ ತೊಳೆದುಹೋಗಲೆಂದು. ಈಗ ಪ್ರತಿ ತಿಂಗಳ ಮೊದಲ ಭಾನುವಾರ, ಬೇಕಿರಲಿ ಬೇಡದಿರಲಿ, ಮಣ್ಣಿನ ದಾರಿಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಫೋರ್ ವೀಲಿನಲ್ಲೇ ಓಡಿಸುತ್ತೇನೆ, ಮುಂದಿನ ಆಕ್ಸಲ್ಲಿನ ಸೀಲುಗಳಿಗೆ ಆಯಿಲ್ ತಾಗಲೆಂದು. ಕಳೆದ ಧನುರ್ಮಾಸದಲ್ಲಿ ಕೆರೆ ಏರಿಯ ಕೆಳಗೆ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ ನಾಲ್ಕು ಎಣಿಸುವಷ್ಟರಲ್ಲಿ ಲಿವರ್ ಒಳಗೆ ಹೋಗಿತ್ತು. ಹಿಂದೆ ಮೂಟೆಗಳ ಮೇಲೆ ಕೂತಿದ್ದ ಆಳು, "ಅಣ್ಣಾ, ಇವತ್ತು ಒದೆಯಲಿಲ್ಲವಲ್ಲ" ಎಂದ.